ಲ್ಯಾಪ್‌ಟಾಪ್‌ಗೆ ವಯಸ್ಸಾಗಿಲ್ಲ, ಕಾವಲು ಜಾಸ್ತಿಯಾಗಿದೆ

ಲ್ಯಾಪ್‌ಟಾಪ್ ಹ್ಯಾಂಗ್ ಆಗ್ತಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋದವರಿಗೆ ಹೆಚ್ಚಾಗಿ ಸಿಗುವುದು ಎರಡೇ ಉತ್ತರ. ಒಂದು, ‘ಫಾರ್ಮ್ಯಾಟ್ ಹೊಡೆಸಿ’. ಇನ್ನೊಂದು, ‘ಇದು ಹಳೇದಾಯ್ತು, ಹೊಸದು ನೋಡಿ’. ಭದ್ರಾವತಿಯ ನ್ಯೂ ಟೌನ್‌ನಂಥ ಬಡಾವಣೆಯಲ್ಲಿ ಈ ಎರಡನೇ ಉತ್ತರ ಒಂದು ಮನೆಯ ಲೆಕ್ಕಾಚಾರವನ್ನೇ ತಲೆಕೆಳಗು ಮಾಡುತ್ತದೆ. ಎಂಪಿಎಂ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತದ್ದನ್ನು ಊರೆಲ್ಲ ನೋಡಿದೆ. ಅಂಥ ಊರಿನಲ್ಲಿ ಮಗಳ ಡಿಗ್ರಿ ಓದಿಗೆಂದು ಇರುವ ಒಂದೇ ಲ್ಯಾಪ್‌ಟಾಪ್ ಕೈಕೊಟ್ಟರೆ, ಹೊಸದಕ್ಕೆ ದುಡ್ಡು ಹೊಂದಿಸುವುದೆಂದರೆ ಚೀಟಿ ಎತ್ತಬೇಕು, ಇಲ್ಲವೇ ಸಾಲ ಮಾಡಬೇಕು. ಹಾಗಿರುವಾಗ ಲ್ಯಾಪ್‌ಟಾಪ್ ನಿಜಕ್ಕೂ ಹಳೆಯದಾಗಿದೆಯೋ, ಇಲ್ಲವೇ ಅದರೊಳಗೆ ತುಂಬಿಸಿರುವ ರಕ್ಷಣಾ ತಂತ್ರಾಂಶಗಳೇ ಅದರ ಉಸಿರು ಕಟ್ಟಿಸಿವೆಯೋ ಎಂದು ಮೊದಲು ನೋಡಲೇಬೇಕು. ನೋಡುವುದಕ್ಕೆ ಕಾಸು ಖರ್ಚಿಲ್ಲ, ಐದು ನಿಮಿಷ ಸಾಕು.

ಇತ್ತೀಚೆಗೆ ನ್ಯೂ ಟೌನ್‌ನ ಕ್ವಾರ್ಟರ್ಸ್ ಮನೆಯೊಂದರಲ್ಲಿ ಇಂಥದೇ ಒಂದು ಲ್ಯಾಪ್‌ಟಾಪ್ ನೋಡಿದೆ. ಬಿ.ಕಾಂ ಓದುತ್ತಿರುವ ಹುಡುಗಿ. ‘ಅಂಕಲ್, ಆನ್ ಮಾಡಿ ಕಾಫಿ ಕುಡಿದು ಬಂದ್ರೂ ವರ್ಡ್ ಓಪನ್ ಆಗಿರಲ್ಲ’ ಅಂದಳು. ಅವಳಪ್ಪ ಪಕ್ಕದಲ್ಲೇ ನಿಂತು, ‘ಅಂಗಡಿಯೋರು ಹೊಸದೇ ತಗೊಳ್ಳಿ ಅಂದ್ರು ಸರ್, ನೀವೊಂದ್ಸಲ ನೋಡಿ’ ಅಂದರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುವುದಕ್ಕೇ ಹೊತ್ತು ಹಿಡಿಯಿತು. ಸಿಪಿಯು, ಮೆಮೊರಿ, ಡಿಸ್ಕ್ ಎಂದು ಅಂಕಣಗಳು ಸಾಲಾಗಿ ಬರುತ್ತವಲ್ಲ, ಅದರಲ್ಲಿ ಡಿಸ್ಕ್ ಅಂಕಣ ಕೆಂಪಗೆ ಶೇ 100ಕ್ಕೆ ಅಂಟಿಕೊಂಡಿತ್ತು. ಹುಡುಗಿ ಯಾವ ಕಡತವನ್ನೂ ತೆರೆದಿರಲಿಲ್ಲ, ಹಾಡೂ ಹಾಕಿರಲಿಲ್ಲ. ಡಿಸ್ಕ್ ಹೆಸರಿನ ಮೇಲೆ ಒತ್ತಿ ಹೆಚ್ಚು ಬಳಸುವವರು ಮೇಲೆ ಬರುವಂತೆ ಜೋಡಿಸಿದಾಗ ಎರಡು ಬೇರೆ ಬೇರೆ ಕಂಪನಿಗಳ ಆಂಟಿವೈರಸ್‌ಗಳು ಒಂದರ ಕೆಳಗೊಂದು ಕಾಣಿಸಿದವು. ಅವುಗಳ ಕೆಳಗೆ ‘ಪಿಸಿ ಕ್ಲೀನರ್’ ಮಾದರಿಯ ಇನ್ನೊಂದು. ಒಂದು ಆಂಟಿವೈರಸ್ ಲ್ಯಾಪ್‌ಟಾಪ್ ಕೊಂಡಾಗಲೇ ಒಳಗೆ ಕೂತು ಬಂದದ್ದು, ಅದರ ಪ್ರಾಯೋಗಿಕ ಅವಧಿ ಎಂದೋ ಮುಗಿದಿತ್ತು. ಇನ್ನೊಂದನ್ನು ಕಳೆದ ಬಾರಿ ಫಾರ್ಮ್ಯಾಟ್ ಮಾಡಿದ ಅಂಗಡಿಯವರು ಬಿಲ್ ಹಾಕಿ ಕೊಟ್ಟಿದ್ದರು.

ಅಲ್ಲಿ ಇನ್ನೊಂದು ಸಂಗತಿ ಗಮನಿಸುವಂಥದು. ಡಿಸ್ಕ್ ಶೇ 100 ತೋರಿಸುತ್ತಿದ್ದರೂ ಅದರ ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ದಾಟುತ್ತಿರಲಿಲ್ಲ. ಡಿಸ್ಕ್ ಬಿಡುವಿಲ್ಲದೆ ದುಡಿಯುತ್ತಿದೆ, ಕೆಲಸ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ತಿರುಗುವ ತಟ್ಟೆಯಿರುವ ಹಳೇ ಹಾರ್ಡ್ ಡಿಸ್ಕ್ ಸಾವಿರಾರು ಚಿಕ್ಕ ಚಿಕ್ಕ ಕಡತಗಳ ನಡುವೆ ಒದ್ದಾಡುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ಲ್ಯಾಪ್‌ಟಾಪ್‌ಗಳ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು, ಬೇಕಾದ ತುಣುಕು ಸುತ್ತಿ ಮುಳ್ಳಿನ ಕೆಳಗೆ ಬರಬೇಕು. ಹೀಗಾಗಿ ಅಲ್ಲೊಂದು ಇಲ್ಲೊಂದು ಚದುರಿದ ಕಡತಗಳನ್ನು ಅದು ಸೆಕೆಂಡಿಗೆ ನೂರು ಸಲ ಮುಟ್ಟುವುದೂ ಕಷ್ಟ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಸಾವಿರಗಳ ಲೆಕ್ಕದಲ್ಲಿ ಮಾಡುತ್ತದೆ.

ಆಂಟಿವೈರಸ್ ಮಾಡುವ ಕೆಲಸವೂ ಚಿಕ್ಕ ಕಡತಗಳನ್ನು ಒಂದೊಂದಾಗಿ ಮುಟ್ಟಿ ನೋಡುವುದೇ. ಕಾರ್ಖಾನೆಯ ಗೇಟಿನಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಕಾವಲಿನವರು ಪ್ರತಿಯೊಬ್ಬರ ಪಾಸ್ ನೋಡಿ, ಚೀಲ ತೆರೆಸಿ ಒಳಗೆ ಬಿಡುವ ಹಾಗೆ, ವಿಂಡೋಸ್‌ನಲ್ಲಿ ಯಾವುದೇ ಕಡತ ತೆರೆಯುವ ಮುನ್ನ ಆಂಟಿವೈರಸ್ ಅದನ್ನು ತಡೆದು ನಿಲ್ಲಿಸಿ ಪರೀಕ್ಷಿಸುತ್ತದೆ. ವರ್ಡ್ ತೆರೆದರೆ ನಮ್ಮ ಕಣ್ಣಿಗೆ ಕಾಣುವುದು ಒಂದು ಕಡತ. ಅದರ ಹಿಂದೆ ವರ್ಡ್ ತನ್ನದೇ ನೂರಾರು ತುಣುಕುಗಳನ್ನು, ಫಾಂಟುಗಳನ್ನು, ಸೆಟ್ಟಿಂಗುಗಳನ್ನು ತೆರೆಯುತ್ತದೆ. ಅವೆಲ್ಲಕ್ಕೂ ತಪಾಸಣೆ. ಈಗ ಅದೇ ಗೇಟಿನಲ್ಲಿ ಇಬ್ಬರು ಕಾವಲಿನವರು, ಒಬ್ಬರನ್ನೊಬ್ಬರು ನಂಬದವರು, ಒಬ್ಬ ನೋಡಿ ಬಿಟ್ಟ ಚೀಲವನ್ನು ಇನ್ನೊಬ್ಬ ಮತ್ತೆ ತೆರೆಸುತ್ತಾ, ನಡುನಡುವೆ ಒಬ್ಬ ಇನ್ನೊಬ್ಬನ ಜೇಬನ್ನೇ ತಡಕುತ್ತಾ ನಿಂತರೆ ಪಾಳಿ ಹೇಗೆ ಹೊತ್ತಿಗೆ ಸರಿಯಾಗಿ ಶುರುವಾದೀತು? ಎರಡು ಆಂಟಿವೈರಸ್ ಇರುವ ಲ್ಯಾಪ್‌ಟಾಪ್‌ನ ಸ್ಥಿತಿ ಇದೇ. ಒಂದು ತಪಾಸಣೆಗೆಂದು ಕಡತ ತೆರೆದರೆ, ತೆರೆದದ್ದನ್ನು ಕಂಡು ಎರಡನೆಯದೂ ತಪಾಸಣೆಗೆ ಧಾವಿಸುತ್ತದೆ. ರಕ್ಷಣೆಯಂತೂ ಇದರಿಂದ ಇಮ್ಮಡಿಯಾಗುವುದಿಲ್ಲ.

ತಪಾಸಣೆಯ ಜೊತೆಗೆ ಅವುಗಳ ಇತರ ಕೆಲಸಗಳೂ ಇವೆ. ಹೊಸ ವೈರಸ್‌ಗಳ ಗುರುತಿನ ಪಟ್ಟಿಯನ್ನು ದಿನಕ್ಕೆ ಹಲವು ಬಾರಿ ಇಳಿಸಿಕೊಳ್ಳುವುದು, ಜಿಪ್ ಕಡತಗಳನ್ನು ಬಿಚ್ಚಿ ಒಳಗೆ ಇಣುಕುವುದು, ಬ್ರೌಸರ್‌ನ ಸಂಚಾರದ ಮೇಲೆ ಕಣ್ಣಿಡುವುದು, ನಿಗದಿತ ವೇಳೆಗೆ ಇಡೀ ಡಿಸ್ಕ್ ಜಾಲಾಡುವುದು. ಈ ನಿಗದಿತ ಜಾಲಾಟದ ವಿಷಯದಲ್ಲಿ ನಮ್ಮ ಮನೆಗಳಿಗೊಂದು ವಿಶೇಷ ತೊಂದರೆಯಿದೆ. ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ದಿನಕ್ಕೆ ಒಂದೆರಡು ಗಂಟೆ ಮಾತ್ರ ಆನ್ ಆಗುತ್ತದೆ, ಅದೂ ಅಸೈನ್‌ಮೆಂಟ್ ಇದ್ದಾಗ, ಅರ್ಜಿ ತುಂಬುವಾಗ. ನಡುರಾತ್ರಿ ನಡೆಯಬೇಕಿದ್ದ ಸ್ಕ್ಯಾನ್, ವಾರದಿಂದ ಬಾಕಿಯಿದ್ದ ಅಪ್‌ಡೇಟ್, ಎಲ್ಲವೂ ಆ ಒಂದು ಗಂಟೆಗಾಗಿ ಕಾದು ಕೂತಿರುತ್ತವೆ. ಗುಂಡಿ ಒತ್ತಿದ ತಕ್ಷಣ ಒಟ್ಟಿಗೇ ಮೇಲೆ ಬೀಳುತ್ತವೆ. ಅಪರೂಪಕ್ಕೆ ಆನ್ ಮಾಡುವ ಲ್ಯಾಪ್‌ಟಾಪ್ ದಿನವೂ ಬಳಸುವುದಕ್ಕಿಂತ ನಿಧಾನ ಅನ್ನಿಸುವುದು ಇದೇ ಕಾರಣಕ್ಕೆ. ವಾರಕ್ಕೊಮ್ಮೆ ಚಾರ್ಜರ್ ಸಿಕ್ಕಿಸಿ, ಇಂಟರ್ನೆಟ್ ಕೊಟ್ಟು, ಏನೂ ಮುಟ್ಟದೆ ಒಂದೆರಡು ಗಂಟೆ ಹಾಗೇ ಆನ್ ಇಟ್ಟುಬಿಟ್ಟರೆ ಅರ್ಧ ಗೋಳು ಅಲ್ಲಿಗೇ ಕಳೆಯುತ್ತದೆ.

‘ಆಂಟಿವೈರಸ್ ಹಾಕಿಸಿದ್ರಾ?’ ಎಂಬ ಪ್ರಶ್ನೆ ನಮ್ಮಲ್ಲಿ ಬೇರೂರಿದ್ದಕ್ಕೆ ಕಾರಣವಿದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪೆನ್ ಡ್ರೈವ್ ಸಿಕ್ಕಿಸಿದರೆ ಅದರೊಳಗಿನ ಆಟೋರನ್ ತಾನಾಗಿಯೇ ಓಡುತ್ತಿತ್ತು, ಸೈಬರ್ ಸೆಂಟರಿನಿಂದ ಮನೆಗೆ, ಮನೆಯಿಂದ ಕಾಲೇಜಿನ ಲ್ಯಾಬಿಗೆ ವೈರಸ್ ಸಲೀಸಾಗಿ ಹಬ್ಬುತ್ತಿತ್ತು. ಹಳೆಯ ವಿಂಡೋಸ್‌ಗಳಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಮೂಲಕ ಅದನ್ನು ತಡೆದದ್ದು 2011ರಲ್ಲಿ. ಎಕ್ಸ್‌ಪಿಯೊಳಗೆ ಪೂರ್ಣ ಪ್ರಮಾಣದ ಆಂಟಿವೈರಸ್ ಇರಲೇ ಇಲ್ಲ, ಆದ್ದರಿಂದ ಅಂದು ಹೊರಗಿನಿಂದ ಕೊಂಡು ಹಾಕುವುದು ಅನಿವಾರ್ಯವಾಗಿತ್ತು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7ನಂಥ ನಮ್ಮದೇ ದೇಶದ ಕಂಪನಿಗಳು ಬೆಳೆದದ್ದು ಆ ಅಗತ್ಯದಿಂದ, ಅವು ಲಕ್ಷಾಂತರ ಕಂಪ್ಯೂಟರುಗಳನ್ನು ಉಳಿಸಿದ್ದೂ ನಿಜ. 2012ರಲ್ಲಿ ವಿಂಡೋಸ್ 8 ಬಂದಾಗ ಡಿಫೆಂಡರ್ ಎಂಬ ಪೂರ್ಣ ಆಂಟಿವೈರಸ್ ವಿಂಡೋಸ್‌ನ ಒಳಗೇ ಸೇರಿತು. ಇಂದಿನ ವಿಂಡೋಸ್ 10, 11ರಲ್ಲಿ ಅದು ಉಚಿತವಾಗಿ ಇದ್ದೇ ಇದೆ. ಓದು, ಬರಹ, ಬ್ಯಾಂಕಿನ ಕೆಲಸ ಇಷ್ಟಕ್ಕೆ ಲ್ಯಾಪ್‌ಟಾಪ್ ಬಳಸುವ ಮನೆಗೆ, ಅಪ್‌ಡೇಟ್ ಸರಿಯಾಗಿ ಆಗುತ್ತಿದ್ದರೆ, ಅದು ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹಣ ಕೊಟ್ಟು ಕೊಂಡ ಆಂಟಿವೈರಸ್‌ನ ಅವಧಿ ಇನ್ನೂ ಇದೆಯೆಂದಾದರೆ ಅದನ್ನೇ ಇಟ್ಟುಕೊಳ್ಳಿ, ತಪ್ಪಿಲ್ಲ. ಯಾವುದಾದರೂ ಒಂದಿರಲಿ.

ಹೊರಗಿನ ಆಂಟಿವೈರಸ್ ಇದ್ದಾಗ ಡಿಫೆಂಡರ್ ತಾನಾಗಿಯೇ ಹಿಂದೆ ಸರಿಯುತ್ತದೆ, ಹೊರಗಿನದನ್ನು ತೆಗೆದರೆ ಮತ್ತೆ ಎಚ್ಚರಗೊಳ್ಳುತ್ತದೆ. ತೊಂದರೆ ಬರುವುದು ಹೊರಗಿನವೇ ಎರಡಿದ್ದಾಗ, ಅಥವಾ ಒಂದನ್ನು ಅರ್ಧಂಬರ್ಧ ಕಿತ್ತಾಗ. ಕಂಟ್ರೋಲ್ ಪ್ಯಾನೆಲ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿದರೂ ಆಂಟಿವೈರಸ್‌ನ ಕೆಲವು ಬೇರುಗಳು ವಿಂಡೋಸ್‌ನ ಆಳದಲ್ಲಿ ಉಳಿದುಬಿಡುವುದುಂಟು. ಅದಕ್ಕೆಂದೇ ದೊಡ್ಡ ಕಂಪನಿಗಳು ತಮ್ಮ ತಮ್ಮ ಉತ್ಪನ್ನವನ್ನು ಪೂರ್ತಿ ತೆಗೆಯುವ ಪ್ರತ್ಯೇಕ ಸಾಧನವನ್ನು ಉಚಿತವಾಗಿ ಕೊಡುತ್ತವೆ. ಅದನ್ನು ಆಯಾ ಕಂಪನಿಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಪೂರ್ತಿ ತೆಗೆದು ರೀಸ್ಟಾರ್ಟ್ ಮಾಡಬೇಕು. ಶಟ್ ಡೌನ್ ಮಾಡಿ ಆನ್ ಮಾಡಿದರೆ ಸಾಲದು. ಇಂದಿನ ವಿಂಡೋಸ್ ಬೇಗ ಏಳಲೆಂದು ಶಟ್ ಡೌನ್ ವೇಳೆ ತನ್ನ ಸ್ಥಿತಿಯ ಒಂದು ಭಾಗವನ್ನು ಉಳಿಸಿಟ್ಟುಕೊಳ್ಳುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲವನ್ನೂ ಕೆಳಗಿಳಿಸಿ ಹೊಸದಾಗಿ ಶುರು ಮಾಡುತ್ತದೆ. ನ್ಯೂ ಟೌನಿನ ಆ ಮನೆಯಲ್ಲಿ ಮಾಡಿದ್ದು ಇಷ್ಟೇ: ಅವಧಿ ಮುಗಿದದ್ದನ್ನು ಬೇರುಸಹಿತ ತೆಗೆದದ್ದು, ಕ್ಲೀನರ್ ಕಿತ್ತದ್ದು, ಅಂಗಡಿಯವರು ಕೊಟ್ಟದ್ದರ ಅವಧಿ ಇನ್ನೂ ಇದ್ದುದರಿಂದ ಅದನ್ನು ಉಳಿಸಿ ಅದರ ಪೂರ್ಣ ಸ್ಕ್ಯಾನನ್ನು ಭಾನುವಾರ ಮಧ್ಯಾಹ್ನಕ್ಕೆ ಸರಿಸಿದ್ದು, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ನಿಲ್ಲಿಸಿದ್ದು. ಡಿಸ್ಕ್ ಶೇ 100ರಿಂದ ಇಳಿಯಿತು. ಹುಡುಗಿ ವರ್ಡ್ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದಳು.

ಕ್ಲೀನರ್, ಬೂಸ್ಟರ್‌ಗಳ ಬಗ್ಗೆ ಒಂದು ಮಾತು. ‘ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ’ ಎಂದು ಹೆದರಿಸುವ ಇವುಗಳನ್ನು ಕಂಡಲ್ಲಿ ಕಿತ್ತುಹಾಕಿ. ವೇಗ ಹೆಚ್ಚಿಸುತ್ತೇವೆ ಅನ್ನುತ್ತಲೇ ಹಿನ್ನೆಲೆಯಲ್ಲಿ ಕೂತು ವೇಗ ತಿನ್ನುತ್ತವೆ.

ಡಿಫೆಂಡರ್ ಒಂದೇ ಇದ್ದರೂ ಲ್ಯಾಪ್‌ಟಾಪ್ ತೆವಳಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ‘ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಎಂಬ ಉದ್ದನೆಯ ಹೆಸರಿನಲ್ಲಿ ಕಾಣುತ್ತದೆ. ಅದನ್ನು ನೋಡಿ ವೈರಸ್ ಎಂದೇ ಗಾಬರಿಯಾದವರಿದ್ದಾರೆ. ನಿಗದಿತ ಸ್ಕ್ಯಾನ್ ವೇಳೆ ಅದು ಸರಾಸರಿ ಸಿಪಿಯುವಿನ ಅರ್ಧದಷ್ಟನ್ನು ಬಳಸಲು ಮೈಕ್ರೋಸಾಫ್ಟ್ ಮೊದಲೇ ಅನುಮತಿ ಕೊಟ್ಟಿಟ್ಟಿದೆ, ಬೇಕಿದ್ದರೆ ಆ ಮಿತಿಯನ್ನು ಇಳಿಸಬಹುದು. ಟಾಸ್ಕ್ ಶೆಡ್ಯೂಲರ್‌ನಲ್ಲಿ ವಿಂಡೋಸ್ ಡಿಫೆಂಡರ್ ಹೆಸರಿನ ಕೆಳಗಿರುವ ನಿಗದಿತ ಸ್ಕ್ಯಾನ್ ತೆರೆದು, ಲ್ಯಾಪ್‌ಟಾಪ್ ಸುಮ್ಮನಿದ್ದಾಗ, ಚಾರ್ಜರ್ ಸಿಕ್ಕಿಸಿದ್ದಾಗ ಮಾತ್ರ ಶುರುವಾಗಲಿ ಎಂಬ ಷರತ್ತನ್ನೂ ಹಾಕಬಹುದು. ಇಂಜಿನಿಯರಿಂಗ್ ಓದುವ ಮಕ್ಕಳು ಪ್ರೋಗ್ರಾಂ ಬರೆದು ಕಂಪೈಲ್ ಮಾಡುವಾಗ ಸಾವಿರಾರು ಪುಟಾಣಿ ಕಡತಗಳು ಹುಟ್ಟಿ ಅಳಿಯುತ್ತವೆ, ಒಂದೊಂದಕ್ಕೂ ತಪಾಸಣೆ ನಡೆಯುತ್ತದೆ. ಆ ಒಂದು ಪ್ರಾಜೆಕ್ಟ್ ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಟ್ಟರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಇಡೀ ಸಿ ಡ್ರೈವ್‌ಗೆ, ಅದಕ್ಕಿಂತ ಹೆಚ್ಚಾಗಿ ಡೌನ್‌ಲೋಡ್ಸ್ ಫೋಲ್ಡರಿಗೆ ವಿನಾಯಿತಿ ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಕಳ್ಳ ಬರುವ ಬಾಗಿಲೇ ಅದು.

ಆಂಟಿವೈರಸ್ ಸುಮ್ಮನಿದ್ದು, ಸಿಪಿಯು ಅಂಕಣವೂ ಕೆಳಗಿದ್ದು, ಮೆಮೊರಿ ಮಾತ್ರ ಶೇ 90ರ ಆಸುಪಾಸಿನಲ್ಲೇ ನಿಂತಿದ್ದರೆ ವಿಷಯ ಬೇರೆ. 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ತೀರಾ ಸಾಮಾನ್ಯ. ವಿಂಡೋಸ್ 11 ಕಡ್ಡಾಯವಾಗಿ ಕೇಳುವ ಕನಿಷ್ಠವೇ 4 ಜಿಬಿ, ಅದರಲ್ಲಿ ವಿಂಡೋಸ್, ಆಂಟಿವೈರಸ್, ಕ್ರೋಮ್‌ನ ನಾಲ್ಕೈದು ಟ್ಯಾಬ್ ಸೇರಿದರೆ ಜಾಗ ಮುಗಿಯಿತು. ಮುಗಿದಾಗ ವಿಂಡೋಸ್ ಹೆಚ್ಚುವರಿಯನ್ನು ಡಿಸ್ಕಿಗೆ ತಳ್ಳಿ, ಬೇಕಾದಾಗ ಮತ್ತೆ ಎಳೆದುಕೊಳ್ಳುತ್ತದೆ. ಡಿಸ್ಕ್ ಮೊದಲೇ ಆಂಟಿವೈರಸ್‌ನ ಕೈಯಲ್ಲಿ ಸಿಕ್ಕಿಕೊಂಡಿದೆ, ಅದರ ಮೇಲೆ ಈ ಹೊರೆ. 2020ರ ಹೊತ್ತಿಗೆ ಸರ್ಕಾರಿ ಪದವಿ ಕಾಲೇಜುಗಳ ಮಕ್ಕಳಿಗೆ ರಾಜ್ಯ ಸರ್ಕಾರ ಲ್ಯಾಪ್‌ಟಾಪ್ ಹಂಚಿತ್ತಲ್ಲ, ಅಣ್ಣನ ಕಾಲದ ಅಂಥ ಲ್ಯಾಪ್‌ಟಾಪ್‌ನಲ್ಲೇ ಈಗ ತಂಗಿ ಓದುತ್ತಿರುವ ಮನೆಗಳುಂಟು. ಅವುಗಳಿಗೂ ಸೇರಿಸಿ ಹೇಳುವುದಾದರೆ, ಒಂದು ಎಸ್‌ಎಸ್‌ಡಿ ಹಾಕಿಸಿ, ಜಾಗವಿದ್ದರೆ ರ‍್ಯಾಮ್ ಕೂಡ ಸೇರಿಸಿದರೆ ಹೊಸ ಲ್ಯಾಪ್‌ಟಾಪ್ ಬೆಲೆಯ ಸಣ್ಣ ಪಾಲಿನಲ್ಲಿ ಅದು ಇನ್ನಷ್ಟು ವರ್ಷ ದುಡಿಯುತ್ತದೆ. ಎರಡರಲ್ಲಿ ಒಂದಕ್ಕೇ ದುಡ್ಡಿದೆಯೆಂದರೆ, ತಿರುಗುವ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗೆ ಮೊದಲು ಎಸ್‌ಎಸ್‌ಡಿ. ಕೆಲವು ಮಾದರಿಗಳಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ, ಸೇರಿಸಲು ಬರುವುದಿಲ್ಲ. ಅಂಗಡಿಯಲ್ಲಿ ಹಣ ಕೊಡುವ ಮೊದಲು ಅದನ್ನು ಕೇಳಿಕೊಳ್ಳಿ. ಫ್ಯಾನಿನಲ್ಲಿ ಧೂಳು ಕಟ್ಟಿ ಬಿಸಿಯೇರಿದಾಗಲೂ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಆದ್ದರಿಂದ ಬಿಚ್ಚಿದ ಮೇಲೆ ಅದನ್ನೂ ಒರೆಸಿಕೊಡಲು ಹೇಳಿ.

ಇಷ್ಟೆಲ್ಲ ಓದಿದ ಮೇಲೆ ಕೆಲವರಿಗೆ, ‘ಹಾಗಾದ್ರೆ ಆಂಟಿವೈರಸ್ಸೇ ತೆಗೆದು ಬಿಸಾಕಿದ್ರಾಯ್ತಲ್ಲ’ ಅನ್ನಿಸಬಹುದು. ದಯವಿಟ್ಟು ಬೇಡ. ರೆಕಾರ್ಡ್ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಪೆನ್ ಡ್ರೈವ್ ಕೊಟ್ಟು, ಮನೆಗೆ ತಂದು ಸಿಕ್ಕಿಸಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿರುವುದು ಇಂದಿಗೂ ನಡೆಯುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಬೀಗ ಹಾಕಿ ಹಣ ಕೇಳಿತಲ್ಲ, ಅದು ನುಗ್ಗಿದ್ದು ಅಪ್‌ಡೇಟ್ ಮಾಡದೆ ಬಿಟ್ಟಿದ್ದ ವಿಂಡೋಸ್‌ಗಳಿಗೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಶುರುವಾದದ್ದು ಅದೇ 2017ರಲ್ಲಿ. ಸೋಂಕು ತಗುಲಿದ ಅನುಮಾನವಿದ್ದರೆ ಬಾಟ್ ತೆಗೆಯುವ ಸಾಧನಗಳು ಅದರ ತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಲ್ಯಾಪ್‌ಟಾಪ್ ನಿಧಾನವಾದಾಗ ಜನ ಮೋಸ ಹೋಗುವ ಇನ್ನೊಂದು ದಾರಿಯೂ ಇದೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ, ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, ಐದು ವೈರಸ್ ಸಿಕ್ಕಿವೆ, ಕೂಡಲೇ ನವೀಕರಿಸಿ’ ಎಂಬ ಪೆಟ್ಟಿಗೆ ಪದೇ ಪದೇ ಚಿಮ್ಮುತ್ತದೆ. ಹೆಸರಾಂತ ಕಂಪನಿಯ ಲಾಂಛನ ಇರುತ್ತದೆ. ಹತ್ತಿರದಿಂದ ನೋಡಿದರೆ ಅದರ ಮೂಲೆಯಲ್ಲಿ ಕ್ರೋಮ್‌ನ ಗುರುತು, ಕೆಳಗೆ ಯಾವುದೋ ಕೇಳರಿಯದ ತಾಣದ ಹೆಸರು ಕಾಣುತ್ತದೆ. ಯಾವಾಗಲೋ ಸಿನಿಮಾ ಇಳಿಸಲು ಹೋದಾಗ ‘ಅಲೋ’ ಒತ್ತಿದ್ದರ ಫಲ ಅದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ತೆರೆದು ಆ ತಾಣವನ್ನು ಅಳಿಸಿದರೆ ನಿಲ್ಲುತ್ತದೆ. ಅಂಥ ಪೆಟ್ಟಿಗೆಯಲ್ಲಿರುವ ನಂಬರಿಗೆ ಯಾರೂ ಫೋನ್ ಮಾಡಬಾರದು, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ತಂತ್ರಾಂಶದ ಕೋಡನ್ನಂತೂ ಯಾರಿಗೂ ಕೊಡಬಾರದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಮನೆಯಿಂದಲೇ ಮಾಡುವ ಹುಡುಗರು ಭದ್ರಾವತಿ, ಶಿವಮೊಗ್ಗ ಎರಡೂ ಕಡೆ ಇದ್ದಾರೆ. ಅವರ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಆಂಟಿವೈರಸ್ ಜೊತೆಗೆ ವಿಪಿಎನ್, ಕಡತ ಹೊರಹೋಗದಂತೆ ಕಾಯುವುದು, ಪ್ರತಿ ಚಲನೆಯನ್ನೂ ದಾಖಲಿಸುವುದು ಎಂದು ಹಲವು ಪದರ ಇರುತ್ತದೆ. ಅವುಗಳಲ್ಲಿ ಒಂದನ್ನೂ ತಾವಾಗಿ ಕೀಳುವಂತಿಲ್ಲ, ಕಿತ್ತರೆ ಕೆಲಸಕ್ಕೇ ಕುತ್ತು. ಅವರು ಮಾಡಬೇಕಾದದ್ದು ಪುರಾವೆ ಸಂಗ್ರಹ. ಬರಿದೆ ‘ಸ್ಲೋ ಇದೆ’ ಎಂದು ಐಟಿ ವಿಭಾಗಕ್ಕೆ ಬರೆದರೆ ‘ರೀಸ್ಟಾರ್ಟ್ ಮಾಡಿ’ ಎಂಬ ಉತ್ತರ ಬರುತ್ತದೆ. ಯಾವ ಹೊತ್ತಿಗೆ, ಯಾವ ಕೆಲಸದ ನಡುವೆ, ಯಾವ ಪ್ರೊಸೆಸ್ ಎಷ್ಟು ಶೇಕಡಾ ತಿಂದಿತು ಎಂದು ಟಾಸ್ಕ್ ಮ್ಯಾನೇಜರ್‌ನ ಚಿತ್ರ ಸಮೇತ ಬರೆದರೆ ಅವರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಕಂಪನಿ ಬಳಸುವುದು ಡಿಫೆಂಡರ್ ಆಗಿದ್ದರೆ, ಸ್ಕ್ಯಾನ್ ಸಮಯ ಯಾವ ಕಡತಕ್ಕೆ, ಯಾವ ಪ್ರೋಗ್ರಾಂಗೆ ಹೆಚ್ಚು ಹೋಯಿತು ಎಂದು ದಾಖಲಿಸಿ ತೋರಿಸುವ ಪರ್ಫಾರ್ಮೆನ್ಸ್ ಅನಲೈಸರ್ ಎಂಬ ಸಾಧನವನ್ನು ಮೈಕ್ರೋಸಾಫ್ಟೇ ಅದರ ಜೊತೆ ಕೊಟ್ಟಿದೆ. ಅದನ್ನು ಓಡಿಸಿ ನೋಡಿ ಎಂದು ಐಟಿಯವರನ್ನೇ ಕೇಳಬಹುದು.

ಈ ರಕ್ಷಣಾ ತಂತ್ರಾಂಶಗಳಿಗೆ ವಿಂಡೋಸ್‌ನ ಎಷ್ಟು ಆಳದಲ್ಲಿ ಜಾಗ ಕೊಟ್ಟಿದ್ದೇವೆ ಎಂಬುದು 2024ರ ಜುಲೈ 19ರಂದು ಎಲ್ಲರಿಗೂ ತಿಳಿಯಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ನಮ್ಮ ಸಮಯ ಬೆಳಗ್ಗೆ 9.39ಕ್ಕೆ ಒಂದು ಚಿಕ್ಕ ಅಪ್‌ಡೇಟ್ ಕಳಿಸಿತು. ಅದರಲ್ಲಿ ತುಂಬಬೇಕಾದ ಕ್ಷೇತ್ರಗಳು 21, ಕಂಪ್ಯೂಟರಿನಲ್ಲಿದ್ದ ತಂತ್ರಾಂಶ ಒದಗಿಸುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ, ಆ ತಂತ್ರಾಂಶ ವಿಂಡೋಸ್‌ನ ಅತಿ ಒಳಗಿನ ಪದರದಲ್ಲಿ ಕೂತಿದ್ದರಿಂದ, ಇಡೀ ವಿಂಡೋಸ್ ನೀಲಿ ಪರದೆ ತೋರಿಸಿ ಕುಸಿಯಿತು. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್ ಇನ್ ಸಾಲುಗಳು ಬೆಳೆದವು, ದೇಶದ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅದಕ್ಕೂ ಮೊದಲು, 2010ರ ಏಪ್ರಿಲ್‌ನಲ್ಲಿ, ಮ್ಯಾಕಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಕಡತವನ್ನೇ ವೈರಸ್ ಎಂದು ಭಾವಿಸಿ ಹಿಡಿದು, ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುವಂತೆ ಮಾಡಿತ್ತು. ಇಷ್ಟು ಆಳಕ್ಕೆ ಇಳಿಯುವ ತಂತ್ರಾಂಶಗಳನ್ನು ಒಂದರ ಮೇಲೊಂದು ಹೇರಿಕೊಳ್ಳಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ವೇಗದ ಜೊತೆಗೆ ಇದೂ ಒಂದು ಕಾರಣ.

ವಿಂಡೋಸ್ 10 ಬಳಸುತ್ತಿರುವವರು ಒಂದನ್ನು ತಿಳಿದಿರಬೇಕು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ಪ್ರತ್ಯೇಕ ಯೋಜನೆಗೆ ಸೇರಿಕೊಳ್ಳದಿದ್ದರೆ ವಿಂಡೋಸ್‌ನ ಬಿರುಕುಗಳು ಮುಚ್ಚುವುದಿಲ್ಲ, ಎಷ್ಟೇ ದುಬಾರಿ ಆಂಟಿವೈರಸ್ ಹಾಕಿದರೂ ಆ ಕೊರತೆ ತುಂಬುವುದಿಲ್ಲ. ಆದ್ದರಿಂದ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟ ತೆರೆದು, ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವೇ, ಅಲ್ಲದಿದ್ದರೆ ಹೆಚ್ಚುವರಿ ಅಪ್‌ಡೇಟ್‌ಗಳಿಗೆ ನೋಂದಾಯಿಸುವ ಆಯ್ಕೆ ಅಲ್ಲಿದೆಯೇ ಎಂದು ನೋಡಿ. ಅದಾದ ಮೇಲೆ ವಿಂಡೋಸ್ ಸೆಕ್ಯೂರಿಟಿ ತೆರೆದು, ವೈರಸ್ ರಕ್ಷಣೆಯ ಎದುರು ಹಸಿರು ಗುರುತು ಇದೆಯೇ, ಅದರೊಳಗೆ ಯಾವ ಆಂಟಿವೈರಸ್‌ನ ಹೆಸರಿದೆ ಎಂದು ಪರೀಕ್ಷಿಸಿ. ಮುಂದಿನ ಸಲ ಅಂಗಡಿಯವರು ಫಾರ್ಮ್ಯಾಟ್ ಮಾಡಿ ಕೊಡುವಾಗ ‘ಆಂಟಿವೈರಸ್ ಹಾಕ್ಲಾ ಸರ್?’ ಅಂದರೆ ಆ ಹೆಸರನ್ನು ಅವರಿಗೆ ತೋರಿಸಿ, ‘ಇದೊಂದು ಸಾಕು’ ಅನ್ನಿ. ಫಾರ್ಮ್ಯಾಟ್ ಹೊಡೆಸುವ ಮೊದಲು ಮಕ್ಕಳ ಫೋಟೊ, ಮಾರ್ಕ್ಸ್ ಕಾರ್ಡಿನ ಸ್ಕ್ಯಾನ್, ಪ್ರಾಜೆಕ್ಟ್ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಸಿಕೊಳ್ಳುವುದನ್ನೂ ಮರೆಯಬೇಡಿ. ಫಾರ್ಮ್ಯಾಟ್ ಹೊಡೆದ ಮೇಲೆ ಅವು ಮರಳಿ ಸಿಗುತ್ತವೆಂಬ ಖಾತರಿ ಯಾರೂ ಕೊಡಲಾರರು.